ಧೂಮಕೇತುವಿನ ರೋಲು

ಲೆನ್ಸನ್ನು ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿದು ವೆಂಕಟ್ರಮಣ ಎಡಗಣ್ಣು ಮುಚ್ಚಿದ. ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಎಳೆಯಂತೆ ಬೂಷ್ಟು ಹಬ್ಬಿತ್ತು. ನಡುವೆ ಚೊಕ್ಕಟವಾಗಿತ್ತು.

"ಅಂಚಿಗೆ ಸ್ವಲ್ಪ ಹಿಡ್ದಿದೆ, ಮಧ್ಯ ಅಡ್ಡಿಲ್ಲ," ಅಂದ. "ಆದ್ರೆ ಇದು ನಲವತ್ತು ವರ್ಷದ ಹಿಂದಿನ ಸಾಮಾನು ಮೇಡಂ. ನಿಮ್ಮ ಕ್ಯಾಮೆರಾಕ್ಕೆ ಕೂರೋದೇ ಇಲ್ಲ."

"ಕೂರುತ್ತೆ ಸರ್. ಇದಕ್ಕೇ ಅಂತ ರಿಂಗ್ ತರಿಸಿದೀನಿ." ಕೌಂಟರಿನ ಆಚೆ ನಿಂತಿದ್ದ ಹೆಂಗಸು ಕೈಚೀಲದಿಂದ ಮಕ್ಕಳ ಬಳೆಯಷ್ಟು ಅಗಲದ ಕಪ್ಪು ಉಂಗುರವೊಂದನ್ನು ತೆಗೆದಿಟ್ಟಳು. ಮೂವತ್ತೆರಡು ಮೂವತ್ತಮೂರರ ವಯಸ್ಸು. ಹೆಸರು ಸೌಜನ್ಯ, ಹುಂಚದ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿ ಎಂದು ಬಂದ ಕೂಡಲೇ ಹೇಳಿಕೊಂಡಿದ್ದಳು. ಅವಳ ಕ್ಯಾಮೆರಾ ಶಿವಮೊಗ್ಗದಲ್ಲಿ ಮದುವೆ ಫೋಟೊ ತೆಗೆಯುವವರೊಬ್ಬರು ಬಳಸಿ ಬಿಟ್ಟಿದ್ದು. ಹಿಡಿಯುವ ಕಡೆ ರಬ್ಬರು ಸವೆದು ನುಣುಪಾಗಿತ್ತು. ಲೆನ್ಸ್ ಇರಲಿಲ್ಲ.

"ಆಟೊ ಫೋಕಸ್ ಬರಲ್ಲ, ಮತ್ತೆ ಹೇಳ್ಲಿಲ್ಲ ಅನ್ಬೇಡಿ."

"ಬೇಡ ಸರ್. ನಕ್ಷತ್ರಕ್ಕೆ ಆಟೊ ಫೋಕಸ್ ಎಂತಕ್ಕೆ?"

ಉಂಗುರವನ್ನು ಲೆನ್ಸಿಗೆ ತಿರುಗಿಸುತ್ತಿದ್ದ ವೆಂಕಟ್ರಮಣನ ಕೈ ಅಲ್ಲೇ ನಿಂತಿತು.

ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಆ ಸ್ಟುಡಿಯೊಕ್ಕೆ ಈಗ ಬರುವವರು ಪಾಸ್‌ಪೋರ್ಟ್ ಫೋಟೊಕ್ಕೆ, ಇಲ್ಲವೇ ಆಧಾರ್ ಕಾರ್ಡಿನ ಜೆರಾಕ್ಸಿಗೆ. ಫಿಲ್ಮು ತೊಳೆಯುತ್ತಿದ್ದ ಕತ್ತಲೆಕೋಣೆಯಲ್ಲಿ ಜೆರಾಕ್ಸ್ ಪೇಪರಿನ ಬಂಡಲು ಪೇರಿಸಿ ಹನ್ನೆರಡು ವರ್ಷವಾಗಿತ್ತು. ಹಳೆಯ ಲೆನ್ಸುಗಳನ್ನು ಮಾತ್ರ ಅವನು ಮಾರಿರಲಿಲ್ಲ. ಬೂಷ್ಟು ಹಿಡಿಯದಿರಲೆಂದು ಮಳೆಗಾಲ ಪೂರ್ತಿ ಅವುಗಳ ಕಪಾಟಿನೊಳಗೆ ಸಣ್ಣದೊಂದು ಬಲ್ಬು ಉರಿಸಿಡುತ್ತಿದ್ದ. ಕರೆಂಟು ಸುಮ್ಮನೆ ಹಾಳು ಎಂದು ಮನೆಯಲ್ಲಿ ಹೇಳಿಸಿಕೊಳ್ಳುತ್ತಿದ್ದ. ಯಾವ ಆಸೆಗೆ ಹಾಗೆ ಕಾಯುತ್ತಿದ್ದನೆಂದು ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

ಸೌಜನ್ಯ ಮಾತು ಮುಂದುವರಿಸಿದಳು. ಈ ವಾರ ಪಡುವಣ ದಿಕ್ಕಿನಲ್ಲಿ ಸೂರ್ಯ ಮುಳುಗಿದ ಮೇಲೆ ಧೂಮಕೇತು ಕಾಣುತ್ತದೆ. ದಸರಾ ರಜೆ ಮುಗಿದು ಮಕ್ಕಳು ಬಂದಾಗ ತಾನೇ ತೆಗೆದ ಫೋಟೊ ತೋರಿಸಬೇಕು. ಹೊಸ ಲೆನ್ಸಿನ ಬೆಲೆ ಕೇಳಿದರೆ ತನ್ನ ಗೌರವಧನ ಅದರ ಹತ್ತಿರವೂ ಸುಳಿಯುವುದಿಲ್ಲ. ಹಳೆಯ ಲೆನ್ಸಾದರೆ ಅಡ್ಡಿಯಿಲ್ಲ, ಗಟ್ಟಿ ಸ್ಟ್ಯಾಂಡೊಂದಿದ್ದರೆ ಸಾಕು ಎಂದು ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿದ್ದಳು.

"ಒಂದೊಂದು ಫೋಟೊ ಐದಾರು ಸೆಕೆಂಡು ಸರ್. ಹೆಚ್ಚು ಬಿಟ್ರೆ ಚುಕ್ಕಿ ಗೆರೆ ಆಗುತ್ತೆ. ಹಂಗಾಗಿ ಮೂವತ್ತು ನಲವತ್ತು ತೆಗ್ದು, ಕಂಪ್ಯೂಟರಲ್ಲಿ ಒಂದ್ರ ಮೇಲೊಂದು ಕೂರ್ಸೋದು."

"ಒಂದ್ರ ಮೇಲೊಂದಾ?"

"ಹೌದು ಸರ್, ಆಗ ಮಸುಕಾಗಿರೋದೂ ಎದ್ದು ಕಾಣುತ್ತೆ."

ವೆಂಕಟ್ರಮಣ ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ಅವಳ ಕಡೆ ಸರಿಸಿದ. ಬೆಲೆ ಕೇಳಿದ್ದಕ್ಕೆ, "ಮೊದ್ಲು ತೆಗ್ದು ನೋಡಿ, ಆಮೇಲೆ ಮಾತಾಡಣ," ಅಂದ. ಅವಳು ಹೊರಡಲಿಲ್ಲ. ಚೀಲದೊಳಗಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಫೋಟೊವೊಂದನ್ನು ತೆಗೆದು, ಮಗುಚಿ, ಹಿಂಬದಿ ಮೇಲೆ ಬರುವಂತೆ ಕೌಂಟರಿನ ಮೇಲಿಟ್ಟಳು. ನೇರಳೆ ಮಸಿಯ ಠಸ್ಸೆ. ಅವನ ಸ್ಟುಡಿಯೊದ್ದೇ. ಕೆಳಗೆ ಪೆನ್ನಿನಲ್ಲಿ ಬರೆದಿದ್ದ ಇಸವಿ, 1986.

"ಈ ಅಂಗಡೀಗೇ ಯಾಕೆ ಬಂದೆ ಅಂದ್ರೆ ಇದಕ್ಕೇ ಸರ್," ಅಂದಳು ಸೌಜನ್ಯ. "ನಮ್ಮಮ್ಮನ ಮದುವೆ ಫೋಟೊ."

ತಿರುಗಿಸಿ ನೋಡುವ ಅಗತ್ಯ ವೆಂಕಟ್ರಮಣನಿಗಿರಲಿಲ್ಲ.

*

ಆಗ ಸ್ಟುಡಿಯೊ ಇಬ್ಬರದಾಗಿತ್ತು, ಅವನದು ಮತ್ತು ನಾರಾಯಣಮೂರ್ತಿಯದು. ಇಬ್ಬರಿಗೂ ಇಪ್ಪತ್ತೇಳು ಇಪ್ಪತ್ತೆಂಟು. ಒಂದೇ ಬೆಂಚಿನಲ್ಲಿ ಓದಿ, ಒಂದೇ ಸಲ ಪಿಯುಸಿ ಫೇಲಾಗಿ, ಶಿವಮೊಗ್ಗದ ಒಬ್ಬರೇ ಗುರುವಿನ ಹತ್ತಿರ ಕೆಲಸ ಕಲಿತವರು. ನಾರಾಯಣಮೂರ್ತಿ ಫಿಲ್ಮು ತೊಳೆಯುವುದರಲ್ಲಿ ನಿಸ್ಸೀಮ. ಕತ್ತಲಲ್ಲಿ ಗಡಿಯಾರ ನೋಡದೆ, ಬಾಯಲ್ಲೇ ಎಣಿಸಿ, ಸರಿಯಾದ ಗಳಿಗೆಗೆ ಫಿಲ್ಮನ್ನು ಮೇಲೆತ್ತುತ್ತಿದ್ದ. ಫಿಲ್ಮು ಸುಲಭಕ್ಕೆ ಸಿಗದ ಕಾಲ. ಉದ್ದನೆಯ ಸುರುಳಿ ತರಿಸಿ, ಹಳೆಯ ಡಬ್ಬಿಗಳಿಗೆ ತಾವೇ ಕತ್ತರಿಸಿ ತುಂಬುತ್ತಿದ್ದರು. ಒಂದೊಂದು ರೋಲೂ ಇಬ್ಬರ ಲೆಕ್ಕದಲ್ಲಿರುತ್ತಿತ್ತು.

ಆ ವರ್ಷದ ಯುಗಾದಿಯ ಹೊತ್ತಿಗೆ ಹ್ಯಾಲಿ ಧೂಮಕೇತುವಿನ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತಿತ್ತು. ವೆಂಕಟ್ರಮಣನಿಗೆ ಅದರ ಹುಚ್ಚು ಹಿಡಿಯಿತು. ಹೇಳಿದರೆ ನಾರಾಯಣಮೂರ್ತಿ ನಗುತ್ತಾನೆ, ಮದುವೆಯ ದಿನಗಳಲ್ಲಿ ಫಿಲ್ಮು ದಂಡ ಮಾಡಬೇಡ ಅನ್ನುತ್ತಾನೆ ಎಂದು ಅವನಿಗೆ ಹೇಳದೆ ಒಂದು ರೋಲು ತೆಗೆದುಕೊಂಡ. ಹಬ್ಬದ ರಾತ್ರಿ ಒಬ್ಬನೇ ಊರಾಚೆಯ ಬೋಳುಗುಡ್ಡಕ್ಕೆ ಹೋದ. ತೆಂಕಣ ಆಕಾಶದಲ್ಲಿ ಹತ್ತಿಯ ತುಣುಕಿನಂಥ ಬೆಳಕು. ಪ್ರತಿ ಫೋಟೊಕ್ಕೂ ಐದೈದು ನಿಮಿಷ ಷಟರು ತೆರೆದಿಟ್ಟು, ಉಸಿರು ಬಿಗಿಹಿಡಿದು ಕೂತ. ಅಷ್ಟು ಸುಖಪಟ್ಟ ರಾತ್ರಿ ಅವನ ಜೀವನದಲ್ಲಿ ಹೆಚ್ಚಿಲ್ಲ.

ತಾನೇ ಗುಟ್ಟಾಗಿ ತೊಳೆಯಬೇಕೆಂದು ಆ ರೋಲನ್ನು ಕತ್ತಲೆಕೋಣೆಯ ಹಲಗೆಯ ಮೇಲಿಟ್ಟಿದ್ದ. ಡಬ್ಬಿಯ ಮೇಲೆ ಏನೂ ಬರೆಯಲಿಲ್ಲ. ವಾರದ ನಂತರ ನಾರಾಯಣಮೂರ್ತಿ ಮದುವೆಯೊಂದಕ್ಕೆ ಹೊರಟವನು ಹೊಸ ರೋಲುಗಳ ಜೊತೆ ಅದನ್ನೂ ಎತ್ತಿಕೊಂಡು ಹೋದ.

ಎರಡು ದಿನ ಬಿಟ್ಟು ನಾರಾಯಣಮೂರ್ತಿ ಕತ್ತಲೆಕೋಣೆಯಿಂದ ಒದ್ದೆ ನೆಗೆಟಿವ್ ಹಿಡಿದು ಹೊರಬಂದ. "ಏನೋ ಆಗಿದೆ ನೋಡು," ಎಂದು ಕಿಟಕಿಯ ಬೆಳಕಿಗೆ ಎತ್ತಿ ತೋರಿಸಿದ. ಧಾರೆಯ ಮಂಟಪ, ಹೆಣ್ಣು ಗಂಡು, ನೆಂಟರು, ಅವರೆಲ್ಲರ ಮೈಮೇಲೆ ಒಂದೇ ಓರೆಯಲ್ಲಿ ಗೀರುಗಳು. ತನ್ನ ಧೂಮಕೇತುವಿನ ರೋಲಿನ ಮೇಲೇ ಮದುವೆಯೂ ಅಚ್ಚಾಗಿದೆಯೆಂದು ವೆಂಕಟ್ರಮಣನಿಗೆ ಒಂದು ಕ್ಷಣಕ್ಕೇ ತಿಳಿಯಿತು. "ಬೆಳಕು ಹೊಕ್ಕಿರ್ಬೇಕು," ಅಂದುಬಿಟ್ಟ.

ಹುಡುಗಿಯ ಅಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಅಂಗಡಿಯ ಮುಂದೆ ಕೂಗಾಡಿದ. ಇದ್ದೊಬ್ಬ ಮಗಳ ಮದುವೆ, ಮತ್ತೆ ಮಾಡಲಿಕ್ಕಾಗುತ್ತದೆಯೇ ಎಂದು ಕೇಳಿದ. ಯಾರು ಫೋಟೊ ಹೊಡೆದವರು ಎಂದಾಗ ವೆಂಕಟ್ರಮಣನ ಕಣ್ಣು ನಾರಾಯಣಮೂರ್ತಿಯ ಕಡೆ ಹೋಯಿತು. "ರೋಲು ಹಾಕುವಾಗ ಇವ್ನು ಸರಿಯಾಗಿ ನೋಡ್ಬೇಕಿತ್ತು," ಎಂಬ ಮಾತು ತನ್ನ ಬಾಯಿಂದಲೇ ಬಂದದ್ದು ಅವನಿಗೆ ಈಗಲೂ ಕೇಳುತ್ತದೆ. ನಾರಾಯಣಮೂರ್ತಿ ತಲೆ ತಗ್ಗಿಸಿ ನಿಂತಿದ್ದ. ಎದುರು ಮಾತಾಡಲಿಲ್ಲ. ಆ ಸಲ ಅವನನ್ನು ಯಾರೂ ಮದುವೆ ಫೋಟೊಕ್ಕೆ ಕರೆಯಲಿಲ್ಲ. ಮಳೆಗಾಲ ಮುಗಿದ ಮೇಲೆ ಅವನು ತನ್ನ ಪಾಲಿನ ಸಾಮಾನು ಕಟ್ಟಿಕೊಂಡು ಸಾಗರಕ್ಕೆ ಹೋಗಿ ಬೇರೆ ಅಂಗಡಿ ಹಾಕಿದ. ಆಮೇಲೆ ಯಾರದ್ದೋ ಮದುವೆ ಮನೆಯಲ್ಲಿ ಎದುರಾದರೆ ತಲೆಯಾಡಿಸುವುದು, ಅಷ್ಟೆ.

*

"ಅಪ್ಪ ತೀರ್ಕೊಂಡಾಗ ನಂಗೆ ಒಂಬತ್ತು ವರ್ಷ," ಸೌಜನ್ಯ ಫೋಟೊ ತಿರುಗಿಸಿಟ್ಟು ಹೇಳುತ್ತಿದ್ದಳು. "ಈ ಆಲ್ಬಮ್ಮು ನೋಡ್ತಾನೇ ಬೆಳೆದೆ. ಅಪ್ಪನ ಕೆನ್ನೆ ಮೇಲೆ ಇದೆಂತದು ಅಂದ್ರೆ ಅಮ್ಮ 'ಚಂದ್ರನ ಚೂರು' ಅಂತಿದ್ರು. ಬಿ.ಎಸ್ಸಿ. ಮಾಡುವಾಗ ನಂಗೆ ಅನುಮಾನ ಬಂತು. ಬೆಳಕು ಹೊಕ್ಕಿದ್ರೆ ಹಿಂಗೆ ಒಂದೇ ಉದ್ದದ ಗೆರೆ ಬರಲ್ಲ. ಈ ಎರಡು ದಪ್ಪ ಗೆರೆ ನೋಡಿ, ಕಿನ್ನರ ನಕ್ಷತ್ರಪುಂಜದ್ದು. ಮದುವೆ ಆದ ತಿಂಗಳು ಧೂಮಕೇತು ಅದ್ರ ಹತ್ರಾನೇ ಇತ್ತು. ಅಪ್ಪನ ಕೆನ್ನೆ ಮೇಲೆ ಇರೋದು ಹ್ಯಾಲಿ, ಅಲ್ವಾ ಸರ್?"

ಅವಳ ದನಿಯಲ್ಲಿ ದೂರು ಇರಲಿಲ್ಲ. ಕ್ಲಾಸಿನಲ್ಲಿ ಸರಿಯಾದ ಉತ್ತರ ಗೊತ್ತಿದ್ದು ಕೈ ಎತ್ತಿದ ಮಗುವಿನ ಸಂಭ್ರಮವಿತ್ತು. ಜೆರಾಕ್ಸಿಗೆ ಬಂದವನೊಬ್ಬ ಬಾಗಿಲಲ್ಲಿ ನಿಂತು, ಇಬ್ಬರೂ ಫೋಟೊದ ಮೇಲೆ ಬಾಗಿದ್ದು ನೋಡಿ, ಆಮೇಲೆ ಬರ್ತೀನಿ ಎಂದು ಹೋದ.

"ಹೌದು," ಅಂದ ವೆಂಕಟ್ರಮಣ. ಫೋಟೊವನ್ನು ಅವಳ ಕಡೆ ಸರಿಸಿ ಮತ್ತೊಮ್ಮೆ ಹೇಳಿದ. "ಹೌದು. ಆ ರೋಲು ನಂದು."

ಮೂವತ್ತೆಂಟು ವರ್ಷದಲ್ಲಿ ಅವನು ಈ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ.

ಸೌಜನ್ಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಂಗೊತ್ತಿತ್ತು! ಸರ್, ಹಂಗಾರೆ ನೀವೇ ಬರ್ಬೇಕು. ನಮ್ಮ ಮನೆ ಹಿಂದಿನ ಬೇಣದಿಂದ ಪಡುವಣ ಚೆನ್ನಾಗಿ ಕಾಣುತ್ತೆ. ನಂಗೆ ಫೋಕಸ್ಸೇ ಬರಲ್ಲ. ಬರ್ತೀರಾ?"

ಬರುವುದಿಲ್ಲ ಎನ್ನಲು ಅವನ ಹತ್ತಿರ ಕಾರಣ ಬೇಕಾದಷ್ಟಿತ್ತು. ಆದರೆ ಕೈ ಆಗಲೇ ಮೂಲೆಯಲ್ಲಿದ್ದ ಮರದ ಕಾಲಿನ ಹಳೆಯ ಸ್ಟ್ಯಾಂಡಿನ ಧೂಳು ಒರೆಸತೊಡಗಿತ್ತು.

*

ಭಾನುವಾರ ಸಂಜೆ ಸ್ಕೂಟರಿನ ಹಿಂದೆ ಸ್ಟ್ಯಾಂಡು ಕಟ್ಟಿಕೊಂಡು ಹೋದರೆ ಮೋಡ. ಬೇಣದ ಹುಲ್ಲುಗುಡ್ಡದ ಮೇಲೆ ನಿಂತು ಇಬ್ಬರೂ ಒಂದು ಗಂಟೆ ಪಡುವಣದ ಬೂದಿ ಬಣ್ಣ ನೋಡಿ ಇಳಿದು ಬಂದರು. ಹುಣ್ಣಿಮೆ ಹತ್ತಿರವಿತ್ತು. ಇನ್ನೆರಡು ದಿನ ಕಳೆದರೆ ತಿಂಗಳ ಬೆಳಕಿಗೆ ಧೂಮಕೇತುವಿನ ಬಾಲವೇ ಕಾಣದೆಂದು ಸೌಜನ್ಯಳಿಗೆ ಚಿಂತೆ.

ಸೋಮವಾರ ಆಕಾಶ ತೆರೆದಿತ್ತು. ಶುಕ್ರಗ್ರಹದ ಮೇಲುಗಡೆ, ಬರಿಗಣ್ಣಿಗೆ ಇದೆಯೋ ಇಲ್ಲವೋ ಎನ್ನುವಂತೆ ಮಸುಕು ಗೀಟೊಂದು ನಿಂತಿತ್ತು. ವೆಂಕಟ್ರಮಣ ಹಳೆಯ ರೂಢಿಯಂತೆ ಲೆನ್ಸಿನ ಫೋಕಸ್ ಬಳೆಯನ್ನು ಕಡೆಯವರೆಗೂ ತಿರುಗಿಸಿ, "ಅನಂತಕ್ಕೆ ಇಟ್ಟಾಯ್ತು, ಹೊಡಿ," ಅಂದ. ಐವತ್ತು ಫೋಟೊ ತೆಗೆದರು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಒಂದೊಂದು ಚುಕ್ಕಿಯೂ ಚಕ್ಕುಲಿಯಷ್ಟು ಅಗಲ. ಹೊಸ ಉಂಗುರ ಸೇರಿದ್ದರಿಂದ ಲೆನ್ಸಿನ ಅಳತೆ ಕೂದಲೆಳೆಯಷ್ಟು ಬದಲಾಗಿತ್ತು.

"ತಪ್ಪು ನಂದೇ," ಅಂದ ವೆಂಕಟ್ರಮಣ.

ಚಹಾ ತಂದ ಯಮುನಮ್ಮ ಲೋಟ ಕೆಳಗಿಟ್ಟು ಅಲ್ಲೇ ಕೂತಳು. ಸೌಜನ್ಯಳ ತಾಯಿ, ಆ ಫೋಟೊದ ಮದುಮಗಳು. ಎರಡು ದಿನದಿಂದ ಅವಳ ಮುಖ ನೋಡಿ ಮಾತಾಡಲು ವೆಂಕಟ್ರಮಣನಿಗೆ ಆಗಿರಲಿಲ್ಲ. ಈಗ ಲೋಟ ಕೈಯಲ್ಲಿ ಹಿಡಿದು, ಕುಡಿಯದೆ, ಎಲ್ಲವನ್ನೂ ಹೇಳಿದ. ರೋಲು ಕದ್ದದ್ದು, ಹೆಸರು ಬರೆಯದೆ ಇಟ್ಟದ್ದು, ಅವಳಪ್ಪ ಬಂದ ದಿನ ಆಡಿದ ಮಾತು.

ಯಮುನಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು.

"ಫೋಟೊ ಹಾಳಾಯ್ತು ಅಂತ ನಾನೇನು ಅತ್ತಿರ್ಲಿಲ್ಲ ಬಿಡಿ," ಅಂದಳು. "ಅವ್ರಂತೂ 'ನಮ್ಮ ಮದ್ವೇಲಿ ಆಕಾಶದಿಂದ ಅಕ್ಷತೆ ಬಿದ್ದಿದೆ' ಅಂತ ಊರಿಗೆಲ್ಲಾ ತೋರಿಸ್ಕಂಡು ತಿರುಗ್ತಿದ್ರು. ಆದ್ರೆ ವೆಂಕಟ್ರಮಣಣ್ಣ, ಫೋಟೊ ಹೊಡೆದ ಆ ಭಟ್ರ ಹುಡುಗಂದು ಏನೂ ತಪ್ಪಿರ್ಲಿಲ್ಲ ಅಂದಂಗಾಯ್ತು. ನಮ್ಮಪ್ಪ ಸಾಯೋವರೆಗೂ ಅವ್ರನ್ನ ಬೈದ್ಕಂಡೇ ಇದ್ದ. ಕಂಡ ಕಂಡವ್ರ ಹತ್ರ ಹೇಳ್ತಿದ್ದ, ಅವ್ನ ಹತ್ರ ಫೋಟೊ ತೆಗೆಸ್ಬೇಡಿ ಅಂತ."

"ಗೊತ್ತು."

"ಅವ್ರಿಗೆ ಹೇಳಿದ್ರಾ?"

"ಇಲ್ಲ."

"ಇದಾರಾ?"

"ಇದಾನೆ. ಸಾಗರದಲ್ಲೇ."

"ಒಂದೂವರೆ ಗಂಟೆ ದಾರಿ ಮಾರಾಯ್ರೆ," ಅಂದಳು ಯಮುನಮ್ಮ. ಎದ್ದು ಒಳಗೆ ಹೋದಳು. ಕೋಪಗೊಂಡಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮತ್ತೊಂದು ಸಲ ಚಹಾ ಬೇಕೇ ಎಂದು ಒಳಗಿಂದಲೇ ಕೇಳಿದ ದನಿ ಮಾಮೂಲಾಗಿತ್ತು.

ಮಂಗಳವಾರ ವೆಂಕಟ್ರಮಣ ಬೆಳಕಿರುವಾಗಲೇ ಬಂದ. ಈ ಸಲ ಕಣ್ಣಿನ ಹಮ್ಮು ಬಿಟ್ಟು, ಸೌಜನ್ಯ ಹೇಳಿಕೊಟ್ಟಂತೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಶುಕ್ರನನ್ನು ಹತ್ತು ಪಟ್ಟು ದೊಡ್ಡದು ಮಾಡಿ, ಉಸಿರು ಹಿಡಿದು ಬಳೆಯನ್ನು ಒಂದೊಂದೇ ಕೂದಲು ತಿರುಗಿಸಿದ. ಅಗಲವಾಗಿದ್ದ ಬೆಳಕು ಕುಗ್ಗಿ, ಕುಗ್ಗಿ, ಸಾಸಿವೆಯಷ್ಟಾಯಿತು. ಬಳೆ ಅಲುಗಾಡದಂತೆ ಟೇಪು ಸುತ್ತಿದ. ಬೂಷ್ಟು ಹಿಡಿದ ಅಂಚು ಬೆಳಕಿಗೆ ಸಿಗದಂತೆ ಲೆನ್ಸಿನ ಬಾಯಿ ಒಂದು ಹಂತ ಕಿರಿದು ಮಾಡಿದ. ಗುಂಡಿ ಒತ್ತಿದ ನಡುಕ ಕ್ಯಾಮೆರಾಕ್ಕೆ ತಾಗಬಾರದೆಂದು ಸೌಜನ್ಯ ಟೈಮರ್ ಇಟ್ಟಳು. ಐದು ಸೆಕೆಂಡು, ಮತ್ತೆ ಐದು ಸೆಕೆಂಡು. ಕ್ಲಿಕ್ ಕೇಳಿದಾಗಲೆಲ್ಲ ಅವನ ತುಟಿ ತಾನಾಗಿ ಎಣಿಸುತ್ತಿತ್ತು. ನಾರಾಯಣಮೂರ್ತಿಯಿಂದ ಅಂಟಿದ ಅಭ್ಯಾಸ. ಕತ್ತಲೆಕೋಣೆಯ ಬಾಗಿಲಾಚೆ ನಿಂತು ಅವನ ಎಣಿಕೆ ಕೇಳಿಸಿಕೊಳ್ಳುತ್ತಿದ್ದ ಮಧ್ಯಾಹ್ನಗಳು, ಹೊರಬರುವಾಗ ಅವನ ಬೆರಳಿನಿಂದ ಬರುತ್ತಿದ್ದ ಹುಳಿ ವಾಸನೆ, ಒಂದೇ ಊಟದ ಡಬ್ಬಿಗೆ ಇಬ್ಬರೂ ಕೈ ಹಾಕುತ್ತಿದ್ದದ್ದು, ಎಲ್ಲ ಒಟ್ಟಿಗೇ ಬಂತು. ಅಂದು ಗುಡ್ಡಕ್ಕೆ ಅವನನ್ನೂ ಕರೆದಿದ್ದರೆ ಬರುತ್ತಿದ್ದನೇನೋ. ನಗುತ್ತಲೇ ಬರುತ್ತಿದ್ದ.

ಎಂಟು ಗಂಟೆಯ ಹೊತ್ತಿಗೆ ಸೌಜನ್ಯಳ ಕಂಪ್ಯೂಟರಿನಲ್ಲಿ ನಲವತ್ತೆರಡು ಫೋಟೊಗಳು ಒಂದರೊಳಗೊಂದು ಕೂತವು. ಬೇಣದ ಅಂಚಿನ ಒಂಟಿ ಮತ್ತಿಮರ ಅಲುಗಿದಂತೆ ಮಸುಕಾಗಿತ್ತು. ಅದರ ಮೇಲೆ ಬಿಳಿಯ ಬಾಲ ನೆಟ್ಟಗೆ ಎದ್ದು ನಿಂತಿತ್ತು. ಯಮುನಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಇಷ್ಟಾ?" ಅಂದಳು. ಆಮೇಲೆ ಪರದೆಯ ಮುಂದಿನಿಂದ ಏಳಲೇ ಇಲ್ಲ.

*

ಗುರುವಾರ ವೆಂಕಟ್ರಮಣ ಸ್ಟುಡಿಯೊದ ಬಾಗಿಲು ಹಾಕಿ ಸಾಗರದ ಬಸ್ಸು ಹತ್ತಿದ. ಲಕೋಟೆಯಲ್ಲಿ ತಾನೇ ಪ್ರಿಂಟು ಮಾಡಿದ ಆ ಫೋಟೊ ಇತ್ತು. ಮಡಿಚಿ ಹೋಗದಂತೆ ಎರಡು ರಟ್ಟಿನ ನಡುವೆ ಇಟ್ಟಿದ್ದ. ದಾರಿಯುದ್ದಕ್ಕೂ ಹೇಗೆ ಶುರು ಮಾಡಬೇಕೆಂದು ಜೋಡಿಸಿಕೊಂಡ ಮಾತುಗಳು ಬಸ್ಸು ಇಳಿಯುವಷ್ಟರಲ್ಲಿ ಚೆದುರಿಹೋದವು.

ಬಾಗಿಲು ತೆರೆದವಳು ನಾರಾಯಣಮೂರ್ತಿಯ ಹೆಂಡತಿ ವರದಾ. ಅವನ ಗುರುತು ಅವಳಿಗೆ ಸಿಗಲಿಲ್ಲ. ಊರು ಕೇಳಿ ಒಳಗೆ ತಿರುಗಿ, "ಹೊಸನಗರದಿಂದ ಯಾರೋ ಬೈಂದ ನೋಡಿ," ಎಂದು ತಮ್ಮ ಹವ್ಯಕ ಮಾತಿನಲ್ಲಿ ಕೂಗಿದಳು.

ನಾರಾಯಣಮೂರ್ತಿ ಜಗಲಿಯ ಕುರ್ಚಿಯಲ್ಲಿದ್ದ. ಅಂಗಡಿ ಮುಚ್ಚಿ ಏಳು ವರ್ಷವಾಗಿತ್ತು. ತಲೆ ಪೂರ್ತಿ ಬಿಳಿ. ಕಣ್ಣಿನ ಪೊರೆ ತೆಗೆಸಿಕೊಂಡವನ ದಪ್ಪ ಕಪ್ಪು ಕನ್ನಡಕ. ಅದನ್ನು ತೆಗೆದು ಬಂದವನನ್ನು ನೋಡಿದ.

"ವೆಂಕಟ್ರಮಣ," ಅಂದ. ಪ್ರಶ್ನೆಯಲ್ಲ. ಹೆಸರು ಅಷ್ಟೆ. "ಕೂತ್ಕೊ."

ಕೂತ ಮೇಲೆ ಹೇಳಲು ಆಗುವುದಿಲ್ಲವೆಂದು ವೆಂಕಟ್ರಮಣ ನಿಂತೇ ಹೇಳಿದ. "ಆ ಮದುವೆ ರೋಲು, ಎಂಬತ್ತಾರರದ್ದು. ಅದ್ರಲ್ಲಿ ಮೊದ್ಲೇ ನಾನು ಧೂಮಕೇತು ತೆಗ್ದಿದ್ದೆ. ನಿಂಗೆ ಹೇಳ್ದೆ ಫಿಲ್ಮು ತಗೊಂಡಿದ್ದೆ. ತಪ್ಪು ನಂದು. ಅವತ್ತು ನಿನ್ನ ಮೇಲೆ ಹಾಕ್ದೆ."

ನಾರಾಯಣಮೂರ್ತಿ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡ.

"ತೊಳೆದವ್ನು ನಾನೇ ಅಲ್ವೇನೋ?" ಅಂದ. "ಮದುವೆಗೆ ರೋಲು ಪೂರ್ತಿ ಖರ್ಚಾಗಿರ್ಲಿಲ್ಲ. ಕಡೇ ಎರಡು ಫ್ರೇಮು ಹಂಗೇ ಉಳಿದಿತ್ತು. ಬರೀ ಆಕಾಶ. ಮನುಷ್ಯರು ಯಾರೂ ಇಲ್ಲ."

ವೆಂಕಟ್ರಮಣ ಒಂದು ಹೆಜ್ಜೆ ಹತ್ತಿರ ಬಂದ. "ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ನೋಡ್ದೆ. ಮಳೆಗಾಲ ಮುಗಿಯೋವರೆಗೂ ನೋಡ್ದೆ."

ಒಳಗೆ ಕುಕ್ಕರು ಕೂಗಿ ನಿಂತಿತು. ರಸ್ತೆಯಲ್ಲಿ ಯಾರೋ ಬೈಕು ಒದೆಯುತ್ತಿದ್ದರು, ಅದು ಸ್ಟಾರ್ಟಾಗುತ್ತಿರಲಿಲ್ಲ. ವೆಂಕಟ್ರಮಣ ಮೆಲ್ಲಗೆ ಎದುರಿನ ಬೆಂಚಿನ ಮೇಲೆ ಕೂತ. ಕ್ಷಮಿಸು ಎನ್ನುವ ಮಾತು ಇಷ್ಟು ವರ್ಷದ ಮೇಲೆ ತೀರಾ ಚಿಕ್ಕದೆನಿಸಿ ನಾಲಿಗೆಗೆ ಬರಲಿಲ್ಲ.

"ಆ ನೆಗೆಟಿವ್?" ಎಂದು ಕೇಳಿದ.

"ಇಟ್ಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ಮೂರು ಮನೆ ಬದಲಾಯಿಸ್ದೆ. ಎಲ್ಲೋ ಹೋಯ್ತು." ನಾರಾಯಣಮೂರ್ತಿ ರಸ್ತೆಯ ಕಡೆ ತಿರುಗಿದ. "ಚೆನ್ನಾಗೇ ಬಂದಿತ್ತು ಕಣೋ. ಅದನ್ನ ಹೇಳೋಕೂ ಆಗ್ಲಿಲ್ಲ."

ವೆಂಕಟ್ರಮಣ ಲಕೋಟೆ ಬಿಚ್ಚಿದ. ರಟ್ಟುಗಳ ನಡುವಿನಿಂದ ಪ್ರಿಂಟು ತೆಗೆದು ಚಾಚಿದ. ಯಾರು ತೆಗೆದದ್ದು, ಎಲ್ಲಿ, ಯಾರ ಮಗಳು ಎಂದು ಒಂದೊಂದಾಗಿ ಹೇಳತೊಡಗಿದ. ನಾರಾಯಣಮೂರ್ತಿ ಕುರ್ಚಿಯನ್ನು ಬೆಳಕಿರುವ ಕಡೆಗೆ ಎಳೆದುಕೊಂಡ. ಮುಖದ ಹತ್ತಿರ ತಂದು ಮೂಲೆಯಿಂದ ಮೂಲೆಗೆ ನೋಡಿದ.

"ಮರ ಅಲುಗಿದೆ," ಅಂದ.

"ನಲವತ್ತೆರಡು ಫೋಟೊ ಒಂದ್ರ ಮೇಲೊಂದು ಕೂರ್ಸಿದ್ದು. ಚುಕ್ಕಿಗೆ ಹೊಂದಿಸಿದ್ರೆ ಮರ ಸರಿಯುತ್ತೆ."

"ಹ್ಞೂಂ."

ವರದಾ ಎರಡು ಲೋಟ ತಂದು ಕಟ್ಟೆಯ ಮೇಲಿಟ್ಟು, ಇಬ್ಬರನ್ನೂ ನೋಡಿ ಒಳಗೆ ಹೋದಳು. ನಾರಾಯಣಮೂರ್ತಿ ಲೋಟದ ಕಡೆ ತಿರುಗಲಿಲ್ಲ. ಒಣಗಿದ ಪ್ರಿಂಟನ್ನು ಎರಡು ಬೆರಳ ತುದಿಯಲ್ಲಿ ಒಂದೇ ಮೂಲೆಗೆ ಹಿಡಿದು, ಕತ್ತಲೆಕೋಣೆಯಲ್ಲಿ ಆಗಷ್ಟೇ ತೊಳೆದದ್ದರ ನೀರು ಬಸಿಯಲಿ ಎನ್ನುವಂತೆ ಓರೆಯಾಗಿ ತೂಗಿಬಿಟ್ಟುಕೊಂಡು ಕೂತಿದ್ದ.